ಲಿನಕ್ಸಿನೊಳಗೆ ಅತ್ತೆಯ ಅಳುರಾಗ

ದುಡ್ಡು ಕೊಟ್ಟು ‘ಕಿಟಕಿ’ ಹಾಕಿಸಿಕೊಂಡ ಕಂಪ್ಯೂಟರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅವನ್ನು ಬಳಸುವವರನ್ನು ಕಂಡರೆ ಇನ್ನೂ ಸ್ವಲ್ಪ ಜಾಸ್ತಿ. ತೈನಾನ್ ಊರಿನ ನಮ್ಮ ಗಲ್ಲಿಯಲ್ಲಿ ಆ ಕಿಟಕಿಯ ಬದಲು ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಇಟ್ಟುಕೊಂಡಿರುವ ಏಕೈಕ ಮಹಾಪುರುಷ ನಾನು. (ಉಳಿದವರಿಗೆ ಅದೇನೆಂದು ಗೊತ್ತಿಲ್ಲ, ತಿಳಿಸಿಕೊಡಲು ಹೋದರೆ ಗೇಟು ಹಾಕಿಕೊಳ್ಳುತ್ತಾರೆ.)

ಹೀಗಿರುವಾಗ ನಮ್ಮತ್ತೆಗೆ ರೇಡಿಯೊ ಯೋಗ ಬಂತು. ಪ್ರಾಯದಲ್ಲಿ ಆಕೆ ದೇವಸ್ಥಾನದ ಅಂಗಳಗಳಲ್ಲಿ ಸಂಗೀತನಾಟಕ ಆಡುತ್ತಿದ್ದವರು. ರಾಜಕುಮಾರನ ವೇಷದಲ್ಲಿ ಅಳುರಾಗ ಎತ್ತಿದರೆ ಊರೇ ಮೂಗು ಒರೆಸಿಕೊಳ್ಳುತ್ತಿತ್ತಂತೆ. ಈಗ ಒಂದು ಪುಟ್ಟ ಇಂಟರ್ನೆಟ್ ರೇಡಿಯೊದವರು ಭಾನುವಾರ ಬೆಳಿಗ್ಗೆ ನೇರ ಪ್ರಸಾರಕ್ಕೆ ಕರೆದಿದ್ದರು. ಆದರೆ ಅವರು ಯಾವುದನ್ನೂ ಉಳಿಸಿಡುವುದಿಲ್ಲ. ಹಾಡಿದ್ದು ಗಾಳಿಗೆ ಹೋಯಿತು, ಮುಗಿಯಿತು.

“ಜೀವಮಾನ ಪೂರ್ತಿ ಹಾಡಿದೀನಿ. ನನ್ನ ದನಿ ಹೊರಗಿಂದ ಹೇಗಿರುತ್ತೆ ಅಂತ ಒಂದ್ಸಲನೂ ಕೇಳಿಲ್ಲ,” ಎಂದರು ಅತ್ತೆ.

“ಪಕ್ಕದ ಮನೆಯವರ ಕಂಪ್ಯೂಟರಲ್ಲಿ ರೆಕಾರ್ಡ್ ಮಾಡಿಸೋಣ ಅಮ್ಮ. ಇವರದ್ದರಲ್ಲಿ ದನಿ ಬರೋದೇ ಅಪರೂಪ,” ಎಂದಳು ನನ್ನ ಹೆಂಡತಿ ಯುಎಚಿನ್.

ನನಗೆ ಉರಿಯಿತು. “ನೋಡು, ಲಿನಕ್ಸಿನಲ್ಲಿ ಕಂಪ್ಯೂಟರ್ ನುಡಿಸೋ ದನೀನ ಅದರ ಹೊಟ್ಟೆಯೊಳಗಿಂದಲೇ ಹಿಡೀಬಹುದು. ಮೈಕೇ ಬೇಡ. ದನಿ ಎಲ್ಲಿಂದ ಹಿಡೀಬೇಕು ಅನ್ನೋ ಪಟ್ಟೀಲಿ ‘ಮಾನಿಟರ್’ ಅಂತ ಇರುತ್ತೆ, ಅದನ್ನ ಆರಿಸಿದ್ರೆ ಆಯ್ತು.”

“ಮಾನಿಟರ್ ಅಂದ್ರೆ ಕ್ಲಾಸಲ್ಲಿ ಮಾತಾಡಿದೋರ ಹೆಸರು ಬರ್ಕೊಳ್ಳೋನಲ್ವಾ?” ಎಂದಳು ಯುಎಚಿನ್.

ಇಂಥ ಅಜ್ಞಾನಕ್ಕೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕದ್ದಲ್ಲ. ಶನಿವಾರ ಪರೀಕ್ಷೆ ಮಾಡಿ ತೋರಿಸಿದೆ. ದನಿ ಸ್ಫಟಿಕದಂತೆ ಬಂತು. ಆ ಖುಷಿಯಲ್ಲಿ ಇಡೀ ಲಿನಕ್ಸನ್ನೇ ಒಮ್ಮೆ ಅಪ್‌ಡೇಟ್ ಮಾಡಿ ಮಲಗಿದೆ.

ಭಾನುವಾರ ತಾಯಿ ಮಗಳು ಸ್ಟುಡಿಯೊಗೆ ಹೋದರು. ನಾನು ಕಂಪ್ಯೂಟರಿನಲ್ಲಿ ಆ ರೇಡಿಯೊ ಹಚ್ಚಿ, ರೆಕಾರ್ಡಿಂಗ್ ಗುಂಡಿ ಒತ್ತಿ, ಮೀನಿನ ಗಂಜಿಯ ಬಟ್ಟಲು ಹಿಡಿದು ಕೂತೆ. ಹಿಡಿಯುವುದು ಹೊಟ್ಟೆಯೊಳಗಿಂದ ತಾನೆ, ಹೊರಗೆ ಏನು ಸದ್ದಾದರೇನು? ಹಳೆಯ ಗೆಳೆಯ ಆಸ್ಯೋಂಗ್‌ಗೆ ಆರಾಮಾಗಿ ಫೋನ್ ಮಾಡಿದೆ.

ಮಧ್ಯಾಹ್ನ ಅತ್ತೆ ಸ್ಟುಡಿಯೊಗೆ ತೊಟ್ಟುಹೋಗಿದ್ದ ಜರಿಯಂಗಿಯಲ್ಲೇ ಕಂಪ್ಯೂಟರಿನ ಮುಂದೆ ಕೂತರು, ಪರೀಕ್ಷೆಯ ಫಲಿತಾಂಶಕ್ಕೆ ಕಾದು ಕೂತವರ ಹಾಗೆ. ನಾನು ಗತ್ತಿನಿಂದ ರೆಕಾರ್ಡಿಂಗ್ ಹಾಕಿದೆ.

ಮೊದಲು ‘ಸೊರ್’ ಎಂದು ಗಂಜಿ. ಆಮೇಲೆ ನನ್ನ ದನಿ, ಬಲು ಸ್ಪಷ್ಟವಾಗಿ: “ಮುದುಕಿ ಶುರು ಮಾಡಿದ್ಲು ಕಣೋ. ಹಾಡು ಹಾಕ್ಕೊಂಡು ಬರೋ ಕಸದ ಲಾರಿ ಬಂತು ಅಂತ ಜನ ಚೀಲ ಹಿಡ್ಕೊಂಡು ಹೊರಗೆ ಬಂದಾರು.” ಮತ್ತೆ ಸೊರ್. “ಹೇಗಿತ್ತು ಅಂತ ಕೇಳ್ತಾಳಲ್ಲ ನಮ್ಮವಳು, ಕೊನೇದೊಂದು ಚೂರು ಕೇಳಿಸ್ಕೊಂಡ್ರೆ ಸಾಕು.” ಇವೆಲ್ಲದರ ಹಿಂದೆ, ಎಲ್ಲೋ ಬಾವಿಯ ತಳದಿಂದ ಎಂಬಂತೆ, ಅತ್ತೆಯ ಅಳುರಾಗ.

ಶನಿವಾರದ ಅಪ್‌ಡೇಟು ನಾನು ಆರಿಸಿದ್ದ ‘ಮಾನಿಟರ್’ ಅನ್ನು ಅಳಿಸಿ ಮತ್ತೆ ಮೈಕಿಗೇ ತಂದು ನಿಲ್ಲಿಸಿತ್ತು. (ಒತ್ತುವ ಮೊದಲು ಒಮ್ಮೆ ನೋಡಬೇಕಿತ್ತು. ನೋಡುವುದೆಲ್ಲ ಕಿಟಕಿಯವರ ಕೆಲಸ ಅಂದುಕೊಂಡಿದ್ದೆ.)

ಅತ್ತೆ ಕಡೆಯವರೆಗೂ ಕೇಳಿದರು, ಸ್ಪೀಕರಿನ ಹತ್ತಿರ ಕಿವಿ ತಂದು, ತಮ್ಮ ದನಿ ಹುಡುಕುತ್ತ. ನಾನು ವಾಲ್ಯೂಮ್ ಏರಿಸಿದೆ, ಏರಿದ್ದು ಗಂಜಿಯ ಸದ್ದೇ.

“ಅಳಿಯಂದ್ರ ದನಿ ಚೆನ್ನಾಗಿ ಬಂದಿದೆ,” ಎಂದರು ಕೊನೆಗೆ. “ನಂದು ಸರಿಯಾಗಿ ಕೇಳಿಸ್ಲಿಲ್ಲ. ಇಲ್ಲೇ ಹಾಡ್ತೀನಿ, ಪೂರ್ತಿ ನಾಟಕ. ನೀವು ಹಿಡೀರಿ.”

“ಅತ್ತೆ, ಅದಕ್ಕೆಲ್ಲ ಒಳ್ಳೇ ಮೈಕು ಬೇಕಾಗುತ್ತೆ...”

“ಇರೋ ಮೈಕು ಎಷ್ಟು ಒಳ್ಳೇದು ಅಂತ ಈಗ ತಾನೆ ಕೇಳಿದ್ವಲ್ಲ,” ಎಂದಳು ಯುಎಚಿನ್.

ಸಂಜೆಯವರೆಗೆ ಹಾಡಿದರು. ರಾಜಕುಮಾರ ಗಡೀಪಾರಾದ, ಅತ್ತ, ಕಾಡಿನಲ್ಲಿ ಕೂತು ಅತ್ತ, ಊರಿಗೆ ಮರಳಿದ ಸಂತೋಷಕ್ಕೂ ಅತ್ತ. ನಾನು ಕೆಮ್ಮನ್ನೂ ನುಂಗಿಕೊಂಡು ಕಂಬದ ಹಾಗೆ ಕೂತಿದ್ದೆ. ಅತ್ತೆ ಬೆವರು ಒರೆಸಿಕೊಂಡು ನನ್ನತ್ತ ತಿರುಗಿದರು.

“ಹೇಗಿತ್ತು ಅಳಿಯಂದ್ರೆ?”

ನಾನು ಬಾಯಿ ತೆರೆದೆ. ಯುಎಚಿನ್ ಪರದೆಯತ್ತ ಬೆರಳು ತೋರಿಸಿದಳು. ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು.

“ಅದ್ಭುತ,” ಎಂದೆ.

“ಇನ್ನೊಂದ್ಸಲ ಹೇಳಿ,” ಎಂದರು ಅತ್ತೆ, “ಸ್ವಲ್ಪ ಹತ್ತಿರ ಬಂದು.”