ಸಾಹೇಬರ ಕಾರಿನ ಪ್ಲಾಸ್ಟಿಕ್ ಹೊದಿಕೆ

ಹರಿದದ್ದು ಒಂದು ಗೇಣು ಪ್ಲಾಸ್ಟಿಕ್. ಸದ್ದು ಕೂಡ ಹೆಚ್ಚೇನಿರಲಿಲ್ಲ. ಚರ್ ಎಂದಿತು, ಅಷ್ಟೆ. ಆದರೆ ಅಷ್ಟಕ್ಕೇ ಗುಮಾಸ್ತ ಯಾರಾದರೂ ನೋಡಿದರೇ ಎಂದು ಸುತ್ತ ಕತ್ತು ಹೊರಳಿಸಿದ. ಪ್ಲಾಸ್ಟಿಕ್ಕು ಸಾಹೇಬರ ಕಾರಿನದು. ಸಾಹೇಬರ ಮೇಜಿನ ಮೇಲೆ ಅವನ ವರ್ಗಾವಣೆ ಅರ್ಜಿ ಕೂತಿತ್ತು. ಸಹಿ ಬೀಳಲು ಅಂದು ಸಂಜೆ ಐದೂವರೆಯೇ ಕೊನೆಯ ಗಡುವು.

ಅವನ ಹೆಂಡತಿಗೆ ಕೆಲಸ ಇನ್ನೊಂದು ಊರಿನಲ್ಲಿ, ರೈಲಿನಲ್ಲಿ ಒಂಬತ್ತು ಗಂಟೆಯ ದಾರಿ. ಮಗಳೂ ಅಲ್ಲಿಯೇ. ಮೂರು ವರ್ಷದಿಂದ ಆ ಮಗು ಅಪ್ಪನನ್ನು ಮುಖಕ್ಕಿಂತ ಹೆಚ್ಚಾಗಿ ಫೋನಿನ ದನಿಯಲ್ಲೇ ಗುರುತಿಸುತ್ತಿತ್ತು.

ಕಾರು ಕೊಂಡು ಎಂಟು ವರ್ಷವಾಗಿತ್ತು. ನಾಲ್ಕು ಬಾಗಿಲುಗಳ ಒಳಮೈಗೆ ಕಾರ್ಖಾನೆಯವರು ಅಂಟಿಸಿ ಕಳಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು. ಒಳಗಿನ ಮೈ ಹೊಸದಾಗಿಯೇ ಉಳಿಯಬೇಕೆಂಬುದು ಸಾಹೇಬರ ಹೆಂಡತಿಯ ಕಟ್ಟಪ್ಪಣೆ. ಅದು ಹೊಸದಾಗಿಯೇ ಉಳಿದಿದ್ದೀತು; ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಅಂದು ಬೆಳಗ್ಗೆ ಸಾಹೇಬರು ತಾವಾಗಿಯೇ ಅವನನ್ನು ಕರೆದಿದ್ದರು. ಕಚೇರಿಯಲ್ಲಿ ಅವನ ಹೆಸರು ‘ಎಡವಟ್ಟು.’ ಗೋಡೆ ಗಡಿಯಾರಕ್ಕೆ ಕೀ ಕೊಡಲು ಹೋಗಿ ಗಡಿಯಾರವನ್ನೂ ಗೋಡೆಯ ಗಾರೆಯನ್ನೂ ಒಟ್ಟಿಗೆ ಇಳಿಸಿದವನು, ಲೆಕ್ಕ ತಪಾಸಣೆಗೆ ಬಂದವರ ಬಿಳಿ ಅಂಗಿಗೆ ಠಸ್ಸೆ ಒತ್ತಿದವನು.

“ಏನಯ್ಯಾ ಎಡವಟ್ಟು, ಗೋದಾಮಿಗೆ ಹೋಗಿ ಕಬ್ಬಿಣದ ಫೈಲ್ ಸ್ಟ್ಯಾಂಡ್ ತಗೊಂಡು ಬಾ. ನನ್ನ ಕಾರಲ್ಲೇ ಹೋಗು.”

“ನಿಮ್ಮ ಕಾರಾ ಸಾರ್? ಆಟೋದಲ್ಲಿ...”

“ಆಟೋ ಯಾಕೆ? ಹಿಂದಿನ ಸೀಟಿಗೆ ತುರುಕು. ಜೋಪಾನ, ಹುಷಾರು ಅಂತೆಲ್ಲ ನಾನು ಹೇಳೋದಿಲ್ಲ. ನೀನು ಹೇಗಿದೀಯೋ ಹಾಗೇ ಇರು. ಐದಕ್ಕೆ ಬಾ. ಕಾರು ನೋಡಿ ಆಮೇಲೆ ಸಹಿ ಹಾಕ್ತೀನಿ.”

ಇದಕ್ಕಿಂತ ದೊಡ್ಡ ಬೆದರಿಕೆ ಇನ್ನೇನಿದೆ ಎಂದುಕೊಂಡು ಅವನು ಕೀಲಿ ಹಿಡಿದ. ಹತ್ತೂ ನಲವತ್ತಕ್ಕೆ, ಗೋದಾಮಿನ ಮುಂದೆ, ಸ್ಟ್ಯಾಂಡಿನ ಚೂಪು ಮೂಲೆ ಹಿಂದಿನ ಎಡಬಾಗಿಲಿಗೆ ತಗುಲಿತು. ಅದು ಮೇಡಂ ಕೂರುವ ಕಡೆ.

ಕಚೇರಿಗೆ ಹೋಗಲು ಕಾಲು ಬರಲಿಲ್ಲ. ಕಾರನ್ನು ನೇರ ತನ್ನ ಬಾಡಿಗೆ ಮನೆಯ ಮುಂದೆ ತಂದು ನಿಲ್ಲಿಸಿ, ಸ್ಟ್ಯಾಂಡನ್ನು ಇಳಿಸಿ, ಬಾಗಿಲು ತೆರೆದು ಕೂತ. ಸಕ್ಕರೆ ಡಬ್ಬಿಗೆ ಬರಲು ಇರುವೆಗಳಿಗೆ ಕರೆಯೋಲೆ ಬೇಕೇ? ಎದುರುಮನೆಯ ನಿವೃತ್ತ ಮೇಷ್ಟ್ರು ಮೊದಲು ಬಂದರು.

“ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರೆ. ಇರಲಿ, ಟೇಪ್ ಹಚ್ಚಿದರೆ ಗೊತ್ತಾಗಲ್ಲ” ಎಂದು ತಾವೇ ಹಚ್ಚಿದರು. ಟೇಪು ಸೊಟ್ಟಗಾಯಿತು. ಸರಿಪಡಿಸಲೆಂದು ಕಿತ್ತರು. ಗೇಣು ಹೋಗಿ ಮೊಳವಾಯಿತು.

“ಮಕ್ಕಳ ಪುಸ್ತಕಕ್ಕೆ ಹಚ್ಚೋದನ್ನ ಕಾರಿಗೆ ಹಚ್ತಾರಾ?” ಎನ್ನುತ್ತ ಮೂಲೆಮನೆಯ ಅಕ್ಕ ಚಪ್ಪಲಿ ಅಂಟಿಸುವ ಗೋಂದು ತಂದಳು. ಗೋಂದು ಪ್ಲಾಸ್ಟಿಕ್ಕಿನ ಕೆಳಗೆ ಹರಿದು ಬಾಗಿಲಿನ ಮೈಮೇಲೆ ಮಬ್ಬುಗಟ್ಟಿತು. ಒರೆಸಲು ಜಾಗವಿಲ್ಲದೆ ಆ ಬಾಗಿಲಿನ ಹಾಳೆಯನ್ನು ಪೂರ್ತಿ ಬಿಚ್ಚಬೇಕಾಯಿತು.

ಬೆಚ್ಚನೆಯ ನೀರಿಗೆ ಎರಡು ಹನಿ ಶಾಂಪೂ, ಮೆತ್ತನೆ ಬಟ್ಟೆ, ಸಂದಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಹಸುಗೂಸಿನ ಮೈ ತೊಳೆಯುವಂತೆ ಅವನು ಒಂದು ಗಂಟೆ ತೊಳೆದ. ಕಲೆ ಹೋಯಿತು. ಒಳಗಿಂದ ತಿಳಿಬೂದು ಬಣ್ಣದ, ನುಣುಪಾದ ಬಾಗಿಲೊಂದು ಎಂಟು ವರ್ಷದ ನಂತರ ಮೊದಲ ಬಾರಿ ಬೆಳಕು ಕಂಡಿತು.

“ಎಷ್ಟು ಚೆನ್ನಾಗಿದೆ” ಎಂದಳು ಅಕ್ಕ. “ಹೀಗೇ ಬಿಟ್ಟರೆ ಆಗಲ್ವಾ?”

“ಅಕ್ಕಾ, ನನ್ನ ಸಂಸಾರ ಒಂದಾಗೋದು ನಿಮಗೆ ಇಷ್ಟ ಇಲ್ವಾ?”

ಮೇಷ್ಟ್ರು ಹೊಸ ಪ್ಲಾಸ್ಟಿಕ್ ಹಾಳೆ ತಂದು ಅಂಟಿಸಿದರು. ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಉಳಿದ ಮೂರು ಬಾಗಿಲುಗಳದು ಬಿಸಿಲಿಗೆ ಹಳದಿಯಾಗಿತ್ತು. ಹಳದಿ ಬರಿಸಲು ಚಹಾದ ಡಿಕಾಕ್ಷನ್ ಬಳಿಯಬೇಕೆಂದಳು ಅಕ್ಕ. ಪ್ಲಾಸ್ಟಿಕ್ಕು ಚಹಾ ಕುಡಿಯಲಿಲ್ಲ. ಅದೆಲ್ಲ ಇಳಿದು ಗಾಜು ಇಳಿಸುವ ಗುಂಡಿಯ ಸಂದಿ ಸೇರಿತು. ಮತ್ತೆ ಶಾಂಪೂ, ಮತ್ತೆ ಬ್ರಷ್ಷು. ಆಗಲೇ ಹೆಂಡತಿಯ ಫೋನು.

“ಸಹಿ ಆಯ್ತಾ?”

“ಆಗ್ತಾ ಇದೆ.”

“ಯಾಕೆ ಏದುಸಿರು ಬಿಡ್ತಾ ಇದೀರಿ?”

“ಬಾಗಿಲು ತಿಕ್ತಾ ಇದೀನಿ.”

“ಸಹಿಗೂ ಬಾಗಿಲಿಗೂ ಏನ್ರೀ ಸಂಬಂಧ?”

ಅವನು ಫೋನು ಇಟ್ಟ.

ಸ್ಟ್ಯಾಂಡಿಗೆ ಮನೆಯ ಎರಡೂ ಕಂಬಳಿ ಸುತ್ತಿ ಮತ್ತೆ ಸೀಟಿನ ಮೇಲಿಟ್ಟು, ಮೂರು ಗಂಟೆಗೆ ಅವನು ಸೀಟು ಹೊಲಿಯುವ ಕುಶನ್ ಅಂಗಡಿಗೆ ಹೋದ. ಅಂಗಡಿಯವನು ನಾಡಿ ಹಿಡಿದ ವೈದ್ಯನಂತೆ ನಾಲ್ಕೂ ಬಾಗಿಲು ನೋಡಿ, ಏಣಿ ಹತ್ತಿ ಅಟ್ಟದಿಂದ ಧೂಳು ಹಿಡಿದ ರೋಲೊಂದನ್ನು ಇಳಿಸಿದ.

“ಹಳದಿಯಾಗಿದೆ ಅಂತ ಯಾರೂ ಮುಟ್ಟಲಿಲ್ಲ. ಎಸೆಯೋಕೂ ಮನಸ್ಸು ಬರಲಿಲ್ಲ. ಇವತ್ತಿಗೆ ಇದರ ಋಣ ತೀರ್ತು.”

ಒಂದು ಬಾಗಿಲಿಗೆ ಹಾಕಿ ಮೂರು ಬಿಟ್ಟರೆ ತನ್ನ ಕೈಗೆ ಅವಮಾನವೆಂದು ನಾಲ್ಕಕ್ಕೂ ಹಾಕಿದ. ಮೇಡಂ ಮೊಣಕೈ ಎಲ್ಲಿಡುತ್ತಾರೆಂದು ಕೇಳಿ ಅಲ್ಲೊಂದು ಸುಕ್ಕನ್ನೂ ತಂದ. ಕೊನೆಗೆ ಅಂಚಿನ ಮೇಲೆ ಹೆಬ್ಬೆರಳು ಒತ್ತಿ, “ಎರಡು ಪಟ್ಟು ದಪ್ಪದ್ದು. ಆನೆ ಎಳೆದರೂ ಬರಲ್ಲ” ಎಂದ.

ನಾಲ್ಕೂ ಐವತ್ತೆರಡಕ್ಕೆ ಕಾರು ಕಚೇರಿ ಮುಂದೆ ನಿಂತಿತು. ಸಾಹೇಬರು ಮೆಟ್ಟಿಲಿಳಿದು ಬಂದ ವೇಗಕ್ಕೆ ಕಾವಲುಗಾರ ಎದ್ದು ನಿಂತ. ಒಂದು ಕೈಯಲ್ಲಿ ಅರ್ಜಿ, ಇನ್ನೊಂದರಲ್ಲಿ ಮುಚ್ಚಳ ತೆಗೆದ ಪೆನ್ನು. ಗುಮಾಸ್ತ ಸ್ಟ್ಯಾಂಡು ಇಳಿಸುತ್ತಿದ್ದಂತೆ ಅವರು ಬಗ್ಗಿ ಹಿಂದಿನ ಎಡಬಾಗಿಲು ನೋಡಿದರು. ಬಲಬಾಗಿಲು ನೋಡಿದರು. ಮುಂದಿನವೆರಡನ್ನೂ ನೋಡಿದರು. ಮುಖ ಇಳಿಯಿತು.

“ಎಲ್ಲೂ ಹರಿದಿಲ್ವಾ?”

“ಒಂದು ಗೀರೂ ಇಲ್ಲ ಸಾರ್.”

“ಸ್ಟ್ಯಾಂಡನ್ನ ಸೀಟಿನ ಮೇಲೇ ತಂದೆಯಾ?”

“ಕಂಬಳಿ ಸುತ್ತಿ ತಂದೆ ಸಾರ್.”

ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತರು. ದಿನವೂ ಐದಕ್ಕೆ ಬರುವ ಮೇಡಂ ಅಷ್ಟರಲ್ಲಿ ಬಂದು, ಬಾಗಿಲಿನ ಮೇಲೆ ಬೆರಳಾಡಿಸಿ, ಮೂಗರಳಿಸಿದರು. “ಕೊಟ್ಟಿದ್ದಕ್ಕಿಂತ ಚೊಕ್ಕಟವಾಗಿ ತಂದಿದಾರೆ. ನಿಮ್ಮ ಕಚೇರೀಲಿ ಇಂಥವರೂ ಇದಾರಾ?” ಎಂದು ತಮ್ಮ ಜಾಗದಲ್ಲಿ ಕೂತರು. ಪ್ಲಾಸ್ಟಿಕ್ಕು ಮುರುಮುರು ಎಂದಿತು.

ಸಾಹೇಬರು ದನಿ ತಗ್ಗಿಸಿದರು. “ಎಂಟು ವರ್ಷ ಕಣಯ್ಯಾ. ಬೇಸಿಗೇಲಿ ಕೈ ಅಂಟುತ್ತೆ. ತಿರುವಿನಲ್ಲೆಲ್ಲ ಕರಕರ ಅನ್ನುತ್ತೆ. ನಾನು ಹರಿದರೆ ಮನೆ ಬಿಡಬೇಕು. ಮೂರು ಜನಕ್ಕೆ ಕಾರು ಕೊಟ್ಟು ನೋಡಿದೆ, ಮೂವರೂ ಹೂವಿನ ಹಾಗೆ ತಂದರು. ಕೊನೆಗೆ ನೀನಿದೀಯಲ್ಲ ಅಂತ ಧೈರ್ಯ ತಂದುಕೊಂಡಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ದಿನ ನಿನ್ನನ್ನ ನಂಬಿದೆ.”

“ಸಾರ್, ಹರಿದಿತ್ತು ಸಾರ್. ಒಂದು ಗೇಣು. ಆಮೇಲೆ ಒಂದು ಮೊಳ.”

“ಸಮಾಧಾನಕ್ಕೆ ಸುಳ್ಳು ಹೇಳಬೇಡ.”

ಗುಮಾಸ್ತ ಕಾರಿಗೆ ಓಡಿ, ತೆರೆದೇ ಇದ್ದ ಬಾಗಿಲಿನ ಅಂಚಿಗೆ ಉಗುರು ಹಾಕಿ ಎಳೆದ. ಬರಲಿಲ್ಲ. ಎರಡು ಕೈ ಹಾಕಿದ. ಉಗುರು ಮುರಿಯಿತು, ಪ್ಲಾಸ್ಟಿಕ್ಕು ಮಿಸುಕಲಿಲ್ಲ. ಮೇಡಂ ಕರಗಿಹೋದರು. ಸಾಹೇಬರ ಕೈಯಲ್ಲಿದ್ದ ವರ್ಗಾವಣೆ ಅರ್ಜಿಯತ್ತ ಬೆರಳು ತೋರಿಸಿದರು.

“ನೋಡ್ರೀ, ಅಂಚು ಸಡಿಲವಾಗಿದೆಯಾ ಅಂತ ಈಗಲೂ ಪರೀಕ್ಷೆ ಮಾಡ್ತಾ ಇದಾರೆ. ಇವರನ್ನ ಬೇರೆ ಊರಿಗೆ ಕಳಿಸ್ತೀರಾ?”

ಸಾಹೇಬರು ಹೆಂಡತಿಯ ಮುಖ ನೋಡಿದರು, ಅರ್ಜಿ ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು.

ಕಾರು ಹೊರಟಿತು. ನಾಲ್ಕು ಮಾರು ಹೋಗಿ ನಿಂತಿತು. ಗಾಜು ಇಳಿಸಿ ಮೇಡಂ ಕೂಗಿ ಹೇಳಿದರು:

“ನಾಳೆ ಎಂಟಕ್ಕೆ ಮನೆ ಕಡೆ ಬನ್ನಿ. ಸೋಫಾದ ಪ್ಲಾಸ್ಟಿಕ್ ಒಂದು ಮೂಲೇಲಿ ಎದ್ದಿದೆ.”