ಉಗ್ರಾಣದ ಬೀಗದಕೈ ಮತ್ತು ನನ್ನ ಎಂ.ಎಸ್ಸಿ

ಹಗಲುಗನಸು ಕಾಣುವುದು ನನಗೆ ಕಾನ್ವೆಂಟಿನಲ್ಲೇ ಅಂಟಿದ ಚಾಳಿ. ಸಿಸ್ಟರ್ ಬೋರ್ಡಿನ ಮೇಲೆ ಬರೆಯುತ್ತಿದ್ದರೆ ನನ್ನ ಕಣ್ಣು ಕಿಟಕಿಯಾಚೆಯ ಸ್ವೀಟ್ ಪೀ ಬಳ್ಳಿಯ ಮೇಲೆ. "ಆರ್ ಯೂ ವಿತ್ ಅಸ್, ಡಿಯರ್?" ಎಂದು ಅವರು ಕೇಳಿದಾಗಲೆಲ್ಲ, ಪಾಪ, ನಾನು ಅಲ್ಲಿರುತ್ತಿರಲಿಲ್ಲ. ಈಗ ಈ ಮುಪ್ಪಿನಲ್ಲಿ, ಯಲಹಂಕದ ಕಾಲೇಜೊಂದರಲ್ಲಿ, ಡೇಟಾಬೇಸ್ ನೋಡಿಕೊಳ್ಳುವುದನ್ನೂ ಡೇಟಾ ವೇರ್‌ಹೌಸ್ ಕಟ್ಟುವುದನ್ನೂ ಕಲಿಸುವ ಎಂ.ಎಸ್ಸಿಗೆ ಸೇರಿದ್ದೇನೆ. ಕಿಟಕಿಯಾಚೆ ಬಳ್ಳಿಯ ಬದಲು ಏರ್‌ಫೋರ್ಸಿನ ವಿಮಾನಗಳು. ಕಣ್ಣು ಮಾತ್ರ ಅದೇ.

ನಿಜ ಹೇಳಬೇಕೆಂದರೆ, ವೇರ್‌ಹೌಸ್, ಅಂದರೆ ಉಗ್ರಾಣ, ಅನ್ನುವ ಮಾತಿಗೇ ನಾನು ಮರುಳಾದದ್ದು. ನಮ್ಮ ಬಳಗದ ಮದುವೆಗಳಲ್ಲಿ ಉಗ್ರಾಣ ಯಾವಾಗಲೂ ನನ್ನ ಡಿಪಾರ್ಟ್‌ಮೆಂಟ್. ಬೆಲ್ಲ, ತುಪ್ಪ, ತೆಂಗಿನಕಾಯಿಗಳ ನಡುವೆ ಕುರ್ಚಿ ಹಾಕಿಕೊಂಡು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರೆ ನಾನೇ ಮಹಾರಾಣಿ. ಅಡುಗೆಭಟ್ಟರು ಬಂದರೆ, "ತುಪ್ಪ ಈಗ ತಾನೇ ಕೊಟ್ಟೆನಲ್ಲ, ಮತ್ತೆ ಯಾಕೆ?" ಆಮೇಲೆ ಬೆಲ್ಲದ ವಾಸನೆಯಲ್ಲಿ ತೇಲುತ್ತಾ ಒಂದು ಸಿಹಿ ಜೊಂಪು. ಒಮ್ಮೆ ಬೀಗ ಹಾಕಿ ಹೀಗೇ ತೇಲಿಹೋಗಿ, ಬೀಗರ ಪಾಯಸಕ್ಕೆ ಗೋಡಂಬಿ ಬೀಳಲೇ ಇಲ್ಲ. ಆ ಬೀಗರು ಈಗಲೂ ನನ್ನನ್ನು ಕಂಡರೆ ಪಾಯಸದ ಮಾತೇ ತೆಗೆಯುತ್ತಾರೆ.

ಪ್ರಾಜೆಕ್ಟಿಗೆ ನನ್ನ ಜೋಡಿ ಸಾನಿಯಾ, ಆರ್.ಟಿ. ನಗರದ ಹುಡುಗಿ, ಹಗಲೆಲ್ಲ ಆಫೀಸು. ಇಬ್ಬರಿಗೂ ಸೇರಿ ಒಂದೇ ಮಾರ್ಕು. "ಆಂಟಿ, ಇದು ಪಾಸಾದ್ರೇನೇ ನನ್ಗೆ ಪ್ರಮೋಷನ್ನು. ಎಲ್ಲಾ ರೆಡಿ ಇದೆ. ನೀವು ಇನ್ನೇನೂ ಮುಟ್ಬೇಡಿ, ಪ್ಲೀಸ್" ಎಂದು ಕೈ ಮುಗಿದಿದ್ದಳು.

ಮುಟ್ಟದೆ ಇರುವುದು ಹೇಗೆ? ಮಾರನೆಯ ದಿನ ಎಕ್ಸಾಮಿನರ್ ಬರುತ್ತಾರೆಂದರೆ ದಿಬ್ಬಣ ಬಂದಂತೆಯೇ. ಉಗ್ರಾಣ ಬಾಗಿಲು ತೆರೆದು ಮಲಗಲಾದೀತೇ? ನಮ್ಮ ಪ್ರಾಜೆಕ್ಟಿನ ವೇರ್‌ಹೌಸಿಗೆ ಅಡ್ಮಿನಿಸ್ಟ್ರೇಟರ್ ನಾನೇ ತಾನೇ! ಸಾನಿಯಾ ಸೇರಿದಂತೆ ಎಲ್ಲರ ಪರ್ಮಿಷನ್ ಕಿತ್ತುಹಾಕಿ, ನನ್ನ ಪಾಸ್‌ವರ್ಡನ್ನೂ ಬದಲಾಯಿಸಿ, ಸಮಾಧಾನದಿಂದ ಮಧ್ಯಾಹ್ನದ ನಿದ್ದೆಗೆ ಹೋದೆ.

ಮರುದಿನ ಎಕ್ಸಾಮಿನರ್ ಎದುರು ಸಾನಿಯಾ ಕೀಲಿ ಒತ್ತಿದಳು. ಪ್ರವೇಶವಿಲ್ಲ. ಮತ್ತೆ ಒತ್ತಿದಳು. ಇಲ್ಲ.

"ಆಂಟಿ, ಏನ್ ಮಾಡಿದ್ರಿ?"

"ಬೀಗ ಹಾಕಿದೀನಮ್ಮಾ."

"ಯಾ ಅಲ್ಲಾ! ಪಾಸ್‌ವರ್ಡ್ ಹೇಳಿ ಬೇಗ."

ಹಾಕಿದ್ದು ನೆನಪಿತ್ತು, ಏನು ಹಾಕಿದೆ ಎಂಬುದು ನಿದ್ದೆಯ ಜೊತೆ ಹೋಗಿತ್ತು. ಹುಡುಗಿಯ ಕಣ್ಣು ತುಂಬಿ ಬಂತು. ಅದನ್ನು ನೋಡಲಾರದೆ ನಾನು ಕಿಟಕಿಯಾಚೆ ನೋಡಿದೆ. ವಿಮಾನವೊಂದು ತಣ್ಣಗೆ ಮೇಲೇರುತ್ತಿತ್ತು. ನಾನೂ ಅದರ ಹಿಂದೆಯೇ ಹೊರಟೆ.

"ಮೇಡಂ," ಎಕ್ಸಾಮಿನರ್ ಕೆಮ್ಮಿದರು, "ಆರ್ ಯೂ ವಿತ್ ಅಸ್?"

ಎಷ್ಟು ವರ್ಷವಾಗಿತ್ತು ಆ ಪ್ರಶ್ನೆ ಕೇಳಿ! ಬೋರ್ಡು, ಸಿಸ್ಟರ್, ಬಿಸಿಲಲ್ಲಿ ತೂಗುವ ನೇರಳೆ ಹೂ... "ಸ್ವೀಟ್ ಪೀ!" ಎಂದು ಕೂಗಿದೆ. ಸಾನಿಯಾ ಅದನ್ನೇ ಒತ್ತಿದಳು. ಉಗ್ರಾಣ ತೆರೆಯಿತು.

ಪಾಸಾದೆವು. ಪ್ರಮೋಷನ್ನೂ ಬಂತು, ಅದರ ಹಿಂದೆಯೇ ಅವಳ ನಿಕಾಹ್ ಕೂಡ. ಕರೆಯಲು ಮನೆಗೇ ಬಂದಳು.

"ಖಂಡಿತ ಬರ್ತೀನಮ್ಮಾ. ಕೈಲಾದ ಸಹಾಯ ಮಾಡ್ತೀನಿ."

"ಬನ್ನಿ ಆಂಟಿ. ಆದ್ರೆ ಅಡುಗೆ ಕಡೆ ನಿಮ್ಗೆ ರೀಡ್ ಓನ್ಲಿ. ನೋಡ್ಬಹುದು, ಮುಟ್ಟೋ ಹಾಗಿಲ್ಲ."

ನಾನು ನಕ್ಕು ತಲೆಯಾಡಿಸಿದೆ. ಕೈ ಮಾತ್ರ, ನನ್ನನ್ನು ಕೇಳದೆಯೇ, ಆಗಲೇ ಸೊಂಟ ತಡವುತ್ತಿತ್ತು.