ನಾಲಗೆ ನೋಡುವ ಧಣಿ

ನನ್ನ ಗಂಡನಿಗೆ ಇಬ್ಬರು ತಾಯಂದಿರು. ಒಬ್ಬರು ನನ್ನ ಅತ್ತೆ. ಇನ್ನೊಬ್ಬರಿಗೆ ಮೀಸೆಯಿದೆ.

ಈ ಮೀಸೆಯವರು ಸಂಬಂಧದಲ್ಲಿ ನನ್ನ ಗಂಡನ ಸೋದರಮಾವ, ಕೆಲಸದಲ್ಲಿ ನಮ್ಮಿಬ್ಬರ ಧಣಿ. ಕಾರ್ಕಳದ ಹೊರಗೆ ಅವರದೊಂದು ಸಣ್ಣ ಕಾರ್ಖಾನೆ. ಗೇರುಬೀಜ ಒಡೆಯುವ ಯಂತ್ರ ಮಾಡುತ್ತಾರೆ. ಯಂತ್ರ ಹಡಗು ಹತ್ತಿ ತಾಂಜಾನಿಯಕ್ಕೋ ವಿಯೆಟ್ನಾಮಿಗೋ ಹೋದರೆ, ಅದನ್ನು ಜೋಡಿಸಿಕೊಡಲು ಹಿಂದೆಯೇ ಒಬ್ಬ ಫಿಟ್ಟರ್ ಹೋಗಬೇಕು. ಇರುವ ಮೂವರು ಫಿಟ್ಟರ್‌ಗಳಲ್ಲಿ ನನ್ನ ಗಂಡ ಒಬ್ಬ. ನಾನು ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುವವಳು. ಯಂತ್ರ ಕಳಿಸುವಾಗ ಮಾವ ಒಂದು ಸಹಿ ಹಾಕಿ ಸುಮ್ಮನಾಗುತ್ತಾರೆ. ಫಿಟ್ಟರನ್ನು ಕಳಿಸುವಾಗ ಮಾತ್ರ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಆಡುತ್ತಾರೆ.

ಮೊದಲು ಪರೀಕ್ಷೆ. ಅನ್ನವಿಲ್ಲದ ಊರಿನಲ್ಲಿ ಇವನು ಬದುಕಿಯಾನೇ ಎಂದು ತಿಳಿಯಲು ಕಾಪುವಿನ ಕಡಲ ಬದಿಯ ಲಾಡ್ಜೊಂದರಲ್ಲಿ ಮೂರು ದಿನ ಇರಿಸಿ ಬರೇ ಬ್ರೆಡ್ಡು ತಿನ್ನಿಸುವುದು. ಕಾವಲಿಗೆಂದು ಪಕ್ಕದ ಕೋಣೆಯಲ್ಲಿ ಮಾವನಿಗೂ ಬ್ರೆಡ್ಡು. ನನ್ನ ಗಂಡ ಎರಡನೆಯ ಮಧ್ಯಾಹ್ನ ತಡೆಯಲಾರದೆ ಕದ್ದು ಬಸ್ಸು ಹತ್ತಿ, ಉಡುಪಿಯ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತ. ನೋಡುತ್ತಾನೆ, ಎದುರಿನ ಮೇಜಿನಲ್ಲಿ ಮಾವ ಸಾರು ಕಲಸುತ್ತಿದ್ದಾರೆ!

"ನೀನು ಇಲ್ಲಿಗೇ ಬರ್ತೀಯ ಅಂತ ನನಗೆ ಗೊತ್ತಿತ್ತು," ಎಂದರು ಮಾವ ತಲೆಯೆತ್ತದೆ. "ಹಿಡಿಯಲಿಕ್ಕೆ ಅಂತಲೇ ಬಂದದ್ದು. ಪಾಯಸ ಹೇಳು, ಇಬ್ಬರಿಗೂ."

ಆಮೇಲೆ ಸೊಳ್ಳೆಪರದೆ. ಅಂಗಡಿಯದ್ದರ ಮೇಲೆ ಅವರಿಗೆ ನಂಬಿಕೆ ಇಲ್ಲ. ಅಳತೆ ತೆಗೆಯಲು ನನ್ನ ಗಂಡನನ್ನು ಕಾರ್ಖಾನೆಯ ನೆಲದ ಮೇಲೆ ಅಂಗಾತ ಮಲಗಿಸಿ, ಮೇಲೆ ಬಿಳಿ ಬಟ್ಟೆ ಹೊದಿಸಿ, ದರ್ಜಿಯನ್ನು ಕರೆಸಿದರು. ಅದೇ ಹೊತ್ತಿಗೆ ಬಂದ ಗಿರಾಕಿಯೊಬ್ಬರು ಚಪ್ಪಲಿ ಕಳಚಿ, ಕೈಮುಗಿದು, "ಪಾಪ, ಎಷ್ಟು ಪ್ರಾಯ?" ಎಂದು ಮೆಲ್ಲಗೆ ಕೇಳಿದರು.

"ಮೂವತ್ತೆರಡು," ಎಂದು ಬಟ್ಟೆಯೊಳಗಿನಿಂದ ನನ್ನ ಗಂಡನೇ ಉತ್ತರಿಸಿದ. ಆ ಗಿರಾಕಿ ಮತ್ತೆ ನಮ್ಮ ಕಡೆ ಬಂದದ್ದಿಲ್ಲ.

ವಿಮಾನ ಹತ್ತಿದ ಮೇಲಾದರೂ ಬಿಡುಗಡೆ ಉಂಟೇ? ದಿನಾ ಬೆಳಿಗ್ಗೆ ವೀಡಿಯೊ ಕರೆ. ಯಂತ್ರದ ಸುದ್ದಿ ಕೊನೆಗೆ, ಮೊದಲು "ನಾಲಗೆ ತೋರಿಸು." ನಾಲಗೆ ಬೆಳ್ಳಗಿದ್ದರೆ ಹೊಟ್ಟೆ ಕೆಟ್ಟಿದೆ ಎಂಬುದು ಅವರ ಶಾಸ್ತ್ರ. ಒಮ್ಮೆ ತಾಂಜಾನಿಯದ ಕಂಪನಿಯ ಮ್ಯಾನೇಜರೂ ಪಕ್ಕದಲ್ಲಿ ಕುಳಿತಿದ್ದ. ಇದು ನಮ್ಮ ಕಡೆಯ ನಮಸ್ಕಾರವೆಂದುಕೊಂಡು ಆ ಮನುಷ್ಯನೂ ನಾಲಗೆ ಚಾಚಿದ. ಮಾವ ಕನ್ನಡಕ ಹಾಕಿ ನೋಡಿ, ಅವನಿಗೆ ಎರಡು ದಿನ ಗಂಜಿ ಹೇಳಿದರು.

ಮಾವನ ಬೆನ್ನ ಹಿಂದೆ ನಿಂತು ನಾನೂ ನಗುತ್ತಿದ್ದೆ. ಕರೆ ಮುಗಿದ ಮೇಲೆ ಸೀದಾ ಹೋಗಿ ಮುಖ ತೊಳೆದುಕೊಳ್ಳುತ್ತಿದ್ದೆ. ನನ್ನ ಗಂಡ ಹೋಗಿ ನಾಲ್ಕು ತಿಂಗಳಾಗಿತ್ತು. ನನಗೆ ಏಳನೆಯ ತಿಂಗಳು. ಮೊಬೈಲಿನಲ್ಲಿ ಮುಖ ಕಾಣುತ್ತದೆ ನಿಜ, ಅಂಗಿಯ ಗ್ರೀಸಿನ ವಾಸನೆ ಬರುತ್ತದೆಯೇ? ಸಂಜೆ ಬೈಕಿನ ಸದ್ದಾದರೆ ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ಪಕ್ಕದ ಮನೆಯವರದ್ದಾಗಿರುತ್ತಿತ್ತು. ಬಯಕೆಯ ಶಾಸ್ತ್ರಕ್ಕೆ ಪೆರ್ಡೂರಿನ ತವರಿನವರು ಬಂದು ಹೂ ಮುಡಿಸಿದರು, ಕೇಳಿದ ತಿಂಡಿಯನ್ನೆಲ್ಲ ಎಲೆಗೆ ಬಡಿಸಿದರು. ನನಗೆ ಅವನೊಬ್ಬ ಎದುರಿಗೆ ಕುಳಿತು ತಿಂದಿದ್ದರೆ ಸಾಕಿತ್ತು.

ಆಗ ತಾಂಜಾನಿಯದ ಕಂಪನಿಯಿಂದ ಮೇಲ್ ಬಂತು. ಕಟ್ಟಡ ಮುಗಿಯುವುದು ತಡ, ಫಿಟ್ಟರ್ ಇನ್ನೂ ಮೂರು ತಿಂಗಳು ಅಲ್ಲೇ ಇರಬೇಕಂತೆ. ಹೆರಿಗೆಗೆ ಎರಡೇ ತಿಂಗಳಿತ್ತು. ಬದಲಿಗೆ ಕಳಿಸೋಣವೆಂದರೆ ಉಳಿದಿಬ್ಬರು ವಿಯೆಟ್ನಾಮಿನಲ್ಲಿ. ಆ ಮೇಲನ್ನು ಮಾವನಿಗೆ ನಾನೇ ಓದಿ ಹೇಳಿದೆ. ಸ್ವರ ನಡುಗದಂತೆ ಓದಿದೆ ಎಂದು ನನ್ನ ನಂಬಿಕೆ.

ಮಾವ ಹೇಳಿದರು, "ಅವನು ಬರಲಿ. ನಾನು ಹೋಗ್ತೇನೆ."

"ನಿಮಗೆ ಅರವತ್ತಾರು, ಮಾವ. ಶುಗರ್ ಬೇರೆ ಉಂಟು."

"ಅದಕ್ಕೆ ಎಂತ ಈಗ? ಆ ಯಂತ್ರ ಮೊದಲು ಜೋಡಿಸಿದ್ದು ನಾನೇ ಅಲ್ವಾ? ಕಳಿಸಿದವನು ನಾನು. ಸಮಯಕ್ಕೆ ಸರಿಯಾಗಿ ಮನೆಗೆ ಮುಟ್ಟಿಸಬೇಕಾದವನೂ ನಾನೇ."

ಫಿಟ್ಟರ್‌ಗಳನ್ನು ಕಳಿಸಲು ಮಂಗಳೂರು ವಿಮಾನ ನಿಲ್ದಾಣದ ಬಾಗಿಲಿನವರೆಗೆ ಇಪ್ಪತ್ತು ಸಲ ಹೋದವರು, ಒಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಪಾಸ್‌ಪೋರ್ಟ್ ಮಾತ್ರ ತಯಾರಿತ್ತು. ಹುಡುಗರಿಗೆ ಏನಾದರೂ ಆದರೆ ಓಡಬೇಕಲ್ಲ ಎಂದು ಯಾವ ಕಾಲದಲ್ಲೋ ಮಾಡಿಸಿಟ್ಟದ್ದು.

ಅವರ ಪ್ರಯಾಣದ ವಿಮೆಯ ಅರ್ಜಿ ತುಂಬಿಸಿದವಳು ನಾನು. ಹೆಸರು, ಪ್ರಾಯ, ಕಾಯಿಲೆ ಎಲ್ಲ ಬರೆದು ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಏನಾದರೂ ಆದರೆ ಯಾರಿಗೆ ತಿಳಿಸಬೇಕು? ಅವರ ಹೆಂಡತಿ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ.

"ಯಾರ ಹೆಸರು ಬರೆಯಲಿ ಮಾವ?"

"ನಿನ್ನದೇ ಬರಿ."

ಬರೆದೆ. ಮಾವ ಬಗ್ಗಿ ಅದನ್ನು ಓದಿದರು. ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದರು.

"ಕೆಳಗೆ ಇನ್ನೊಂದು ಸಾಲು ಹಾಕು ಮಗಾ," ಎಂದರು. "ಹೆರಿಗೆ ಆಗುವ ತನಕ ಅವಳಿಗೆ ಏನೂ ಹೇಳಬಾರದು ಅಂತ."